ವಸಡಿನ ಬಣ್ಣದ ಮೇಣ

ಚಟಪಟಿ ಬಾಗಿಲು ತಟ್ಟದೆ ಒಳಗೆ ನುಗ್ಗಿದರೆ ಒಳ್ಳೆಯ ಸುದ್ದಿ. ತಟ್ಟಿ ಬಂದಳೋ, ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಅಂಗರಚನಾ ವಿಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮಾತು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತದೆಂದು ಆ ಕಿರಿಯ ಸಂಶೋಧಕಿಗೆ ಆ ಹೆಸರು ಅಂಟಿಕೊಂಡು, ಈಗ ಅವಳ ನಿಜವಾದ ಹೆಸರು ಹೇಳಿದರೆ ಜವಾನನೂ "ಯಾರು ಅವರು?" ಎಂದು ಕೇಳುವಂತಾಗಿತ್ತು. ಆ ದಿನ ಬೆಳಿಗ್ಗೆ ಅವಳು ಬಾಗಿಲು ತಟ್ಟಿದಳು, ಒಳಗೆ ಬಂದಳು, ಬಾಗಿಲು ಹಾಕಿದಳು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಳು.

"ಮೇಡಂ, ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ."

"ಮೊದ್ಲು ಹೇಳು. ಬೈಯೋದು ಬಿಡೋದು ಆಮೇಲೆ ನೋಡೋಣ."

"ಕಾರಿಡಾರಿನಲ್ಲಿ ನಿಮ್ಮ ಮೇಣದ ಮಾಡೆಲ್ ಇದೆಯಲ್ಲ, ಅದು... ಎಡದ್ದು ಬಲಕ್ಕಾಗಿದೆ. ಪೂರ್ತಿ. ಕನ್ನಡಿಯಲ್ಲಿ ನೋಡ್ದಂಗೆ."

ಮೇಡಂ ಎನಿಸಿಕೊಂಡಾಕೆಗೆ ನಿವೃತ್ತಿ ಹತ್ತಿರವಾಗಿತ್ತು. ವಿಭಾಗದಲ್ಲಿ ಅವಳ ಕೆಮ್ಮು ಕೇಳಿದರೂ ವಿದ್ಯಾರ್ಥಿಗಳು ನೆಟ್ಟಗೆ ಕೂರುತ್ತಿದ್ದರು. ಮನೆಗೆ ಹೋದರೆ ಮಾತ್ರ ಅವಳು ಬರೀ ಮಗಳು, ಎಂಬತ್ತು ದಾಟಿದ ಅಪ್ಪ "ಊಟ ಮಾಡಿದ್ಯಾ, ಇಲ್ಲ ಆ ಗಾಜಿನ ಚೂರುಗಳನ್ನೇ ತಿಂದ್ಕೊಂಡು ಬಂದ್ಯಾ?" ಎಂದು ದಿನವೂ ಕೇಳುತ್ತಿದ್ದರು. ಈ ಕತೆಯಲ್ಲಿ ಅವಳು ಮೇಡಂ ಆಗಿರುವುದಕ್ಕಿಂತ ಮಗಳಾಗಿರುವುದೇ ಹೆಚ್ಚು.

ಕಾರಿಡಾರಿನ ಕೊನೆಯ ಕಿಟಕಿಯ ಪಕ್ಕ, ಗಾಜಿನ ಪೆಟ್ಟಿಗೆಯಲ್ಲಿ ಆ ಮಾಡೆಲ್ ಕೂತು ಮೂವತ್ತು ವರ್ಷದ ಮೇಲಾಗಿತ್ತು. ಗರ್ಭದಲ್ಲಿರುವ ಮಗುವಿನ ಯಕೃತ್ತಿನೊಳಗೆ ರಕ್ತನಾಳಗಳು ಹೇಗೆ ಕವಲೊಡೆಯುತ್ತವೆ, ಅವುಗಳ ಗೋಡೆ ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ ಎಂಬುದನ್ನು ತೋರಿಸುವ ಮಾಡೆಲ್ ಅದು. ನಿಜದಲ್ಲಿ ಅಷ್ಟೂ ಉಗುರಿನ ಮೇಲೆ ಕೂರುವಷ್ಟು ಜಾಗ. ಮೇಣದಲ್ಲಿ ದೊಡ್ಡ ಕುಂಬಳಕಾಯಿಯಷ್ಟಾಗಿತ್ತು. ಬುಡದಲ್ಲಿ ಒಂದು ದಪ್ಪ ನಾಳ ಹೊರಟು ಮೇಲೇರುತ್ತಾ ಕವಲಾಗುತ್ತಿತ್ತು, ಅದನ್ನು ಬಳಸಿಕೊಂಡು ಒಂದು ಸಪೂರ ನಾಳ ಹತ್ತುತ್ತಿತ್ತು. ಬುಡದಲ್ಲಿ ಗೋಡೆ ದಪ್ಪ, ಗುಲಾಬಿ ಬಣ್ಣ. ಮೇಲೆ ಹೋದ ಹಾಗೆ ಗುಲಾಬಿ ತೆಳುವಾಗುತ್ತಾ ಹೋಗಿ, ತುದಿಯ ಕವಲುಗಳಲ್ಲಿ ಬಿಳಿಯ ಪದರವೊಂದೇ ಉಳಿಯುತ್ತಿತ್ತು.

ಚಟಪಟಿ ಆ ಯಕೃತ್ತಿನ ತೆಳು ಚೂರುಗಳನ್ನು ಅಂಟಿಸಿಟ್ಟ ಹಳೆಯ ಗಾಜಿನ ತಟ್ಟೆಗಳನ್ನೆಲ್ಲ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ ಅದೇ ಜಾಗವನ್ನು ಹೊಸದಾಗಿ ಕಟ್ಟಿದ್ದಳು. ಪರದೆಯ ಮೇಲೆ ಸಪೂರ ನಾಳ ಎಡಗಡೆಯಿಂದ ಬಳಸಿ ಹತ್ತಿತು. ಕಾರಿಡಾರಿನಲ್ಲಿ ಅದು ಬಲಗಡೆಯಿಂದ ಹತ್ತುತ್ತಿತ್ತು.

"ನಾನೇ ತಪ್ಪು ಮಾಡಿದ್ನೇನೋ ಅಂತ ಮತ್ತೆ ಮತ್ತೆ ನೋಡಿದೆ ಮೇಡಂ. ನನ್ನದಲ್ಲ. ಮೇಣದ ಹಾಳೆಗಳನ್ನ ತಲೆಕೆಳಗಾಗಿ ಕಟ್ಟಿದ್ದಾರೆ. ಮೇಲೆ ಬರಬೇಕಾಗಿದ್ದ ಒಂದನೇ ಹಾಳೆಯನ್ನ ತಳಕ್ಕೆ ಹಾಕಿ ಕಟ್ಕೊಂಡು ಹೋಗಿ, ಮುಗಿದ ಮೇಲೆ ಒಟ್ಟಿಗೆ ಮಗುಚಿ ನಿಲ್ಲಿಸಿದ್ದಾರೆ. ಹಂಗೆ ಕಟ್ಟೋದಾದ್ರೆ ಒಂದೊಂದು ಹಾಳೆಯನ್ನೂ ಕವುಚಿ ಹಾಕ್ಬೇಕಿತ್ತು. ಹಾಕಿಲ್ಲ."

ಮಗಳು ಮೊದಲು ನಕ್ಕಳು. ಮೂವತ್ತು ವರ್ಷದಲ್ಲಿ ಎಷ್ಟು ತಜ್ಞರು ಆ ಪೆಟ್ಟಿಗೆಯ ಮುಂದೆ ನಿಂತು ಗಡ್ಡ ನೀವಿಕೊಂಡು ತಲೆದೂಗಿ ಹೋಗಿರಲಿಕ್ಕಿಲ್ಲ! ಯಕೃತ್ತಿನ ಒಳಗಿನ ಒಂದು ಚೂರು. ಎಡ ಯಾವುದು ಬಲ ಯಾವುದು ಎಂದು ಹೇಳುವ ಗುರುತೇ ಅದರಲ್ಲಿ ಇರಲಿಲ್ಲ. ಆಮೇಲೆ ನಗು ನಿಂತಿತು. ತಲೆಕೆಳಗಾಗಿ ಕಟ್ಟಿ ಆಮೇಲೆ ಮಗುಚುವವರು ಯಾರು ಎಂದು ಅವಳಿಗೆ ಗೊತ್ತಿತ್ತು.

ಅದನ್ನು ಕಟ್ಟಿದವರು ಅಪ್ಪ.

ಅಪ್ಪನದು ಹಲ್ಲು ಕಟ್ಟುವ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಮುಖ ಮಾಡಿದ ಬೆಂಚು, ಅದರ ಮೇಲೆ ಸ್ಪಿರಿಟ್ ದೀಪ, ಮೇಣದ ಚಾಕು, ಸುಣ್ಣದ ಹಿಟ್ಟಿನಂಥ ಪುಡಿಯ ಡಬ್ಬಿ, ಸಾಲಾಗಿ ಊರಿನವರ ದವಡೆಗಳ ಅಚ್ಚುಗಳು. ಚಿಕ್ಕಂದಿನಲ್ಲಿ ಅವಳು ಆ ದವಡೆಗಳನ್ನು ನೋಡಿಯೇ ಅಂಚೆಯಣ್ಣ ಯಾರು, ಅಂಗಡಿಯಜ್ಜಿ ಯಾರು ಎಂದು ಹೇಳುತ್ತಿದ್ದಳು. ಮೇಲ್ದವಡೆಯ ಸೆಟ್ಟನ್ನು ಬೆಂಚಿನ ಮೇಲೆ ಯಾವಾಗಲೂ ತಲೆಕೆಳಗಾಗಿಯೇ ಕಟ್ಟುವುದು: ಅಂಗುಳ ಕೆಳಗೆ, ಹಲ್ಲು ಮೇಲೆ. ಮುಗಿದ ಮೇಲೆ ಮಗುಚಿ ಬಾಯಿಗೆ. ನಲವತ್ತು ವರ್ಷ ಅದನ್ನೇ ಮಾಡಿದ ಕೈ ಅದು.

ಅವಳ ನಗು ನಿಂತದ್ದು ತಪ್ಪಿಗಲ್ಲ. ಅಪ್ಪನಿಗೆ ಒಂದು ನೇಮವಿತ್ತು. ಕಟ್ಟಿದ ಸೆಟ್ ಒಂದು ಕೂದಲೆಳೆಯಷ್ಟು ತಪ್ಪಾಗಿದ್ದರೂ ಅದನ್ನು ಉಜ್ಜಿ ಕೆರೆದು ಸರಿಮಾಡುವ ಮಾತೇ ಇಲ್ಲ. ಹೊಸಿಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು. ಒಮ್ಮೆ ಒಬ್ಬ ವಕೀಲರು ಹೊಸ ಹಲ್ಲು ಹಾಕಿಕೊಂಡು, ಕನ್ನಡಿ ನೋಡಿಕೊಂಡು, "ಎಡಗಡೆ ಒಂಚೂರು ಒತ್ತುತ್ತೆ, ಪರವಾಗಿಲ್ಲ ಬಿಡಿ, ಹಾಕ್ಕೊಂಡು ಹಾಕ್ಕೊಂಡು ಸರಿಹೋಗುತ್ತೆ" ಎಂದರು.

"ಸರಿ ಹೋಗಲ್ಲ ಸ್ವಾಮಿ, ಬಾಯಿ ಸಹಿಸ್ಕೊಳ್ಳುತ್ತೆ ಅಷ್ಟೆ. ತೆಗೀರಿ ಇಲ್ಲಿ" ಎಂದು ಅಪ್ಪ ಕೈಚಾಚಿದರು. ವಕೀಲರು ತೆಗೆದುಕೊಟ್ಟರು. ಟಪ್! ಹೊಸದು ಆಗುವವರೆಗೆ ಪಾಪ ಆ ಮನುಷ್ಯ ಬರೀ ಗಂಜಿ ಕುಡಿದುಕೊಂಡು, ಕೋರ್ಟಿನಲ್ಲಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ವಾದ ಮಾಡಿದರಂತೆ. ಊರಿಗೆಲ್ಲ ಹೇಳಿದ್ದೂ ಅವರೇ: ಆ ಮನುಷ್ಯನಿಗೆ ತಲೆ ಕೆಟ್ಟಿದೆ, ಆದರೆ ಹಲ್ಲು ಕಟ್ಟಿಸೋದಾದರೆ ಅಲ್ಲಿಗೇ ಹೋಗಿ. ಅಮ್ಮ ಮಾತ್ರ ಮೂಗು ಮುರಿಯುತ್ತಿದ್ದಳು. "ನನ್ನ ಪುಣ್ಯ, ಇವರು ಅಡುಗೆಮನೆಗೆ ಬರಲ್ಲ. ಬಂದಿದ್ರೆ ಉಪ್ಪು ಹೆಚ್ಚಾದ ದಿನವೆಲ್ಲ ಒಂದೊಂದು ಪಾತ್ರೆ ಹೋಗ್ತಿತ್ತು."

ಅಂಥ ಅಪ್ಪನಿಗೆ ಇದು ಗೊತ್ತಾದರೆ ಏನು ಮಾಡುತ್ತಾರೆ ಎಂದು ಮಗಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದರಲ್ಲೂ ಆ ವಾರವೇ ವಿಭಾಗದ ಹೊಸ ಪ್ರದರ್ಶನ ಕೋಣೆ ತೆರೆಯುವುದಿತ್ತು, ಮಾಡೆಲ್ ಅಲ್ಲಿಗೆ ಹೋಗುವುದಿತ್ತು. ಅದಕ್ಕೆ ಮುಂಚೆ ಅಪ್ಪನನ್ನು ಕರೆತಂದು ತೋರಿಸುತ್ತೇನೆಂದು ಅವಳೇ ಮಾತು ಕೊಟ್ಟಿದ್ದಳು. ಅಪ್ಪ ಆಗಲೇ ಶರ್ಟಿಗೆ ಇಸ್ತ್ರಿ ಹಾಕಿಸಿ ಮೊಳೆಗೆ ನೇತುಹಾಕಿಯೂ ಆಗಿತ್ತು.

ಚಟಪಟಿ ಹೋದ ಮೇಲೆ ಅವಳು ಕಾರಿಡಾರಿಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ಎಷ್ಟು ದಿನವಾಗಿತ್ತೋ ಅದನ್ನು ಹೀಗೆ ನಿಂತು ನೋಡಿ. ದಿನಾ ಕಣ್ಣೆದುರಿಗಿರುವುದನ್ನು ಯಾರು ನೋಡುತ್ತಾರೆ?

ಆಗ ವಿಭಾಗಕ್ಕೆ ದೊಡ್ಡ ಮೇಷ್ಟ್ರು ಮುಖ್ಯಸ್ಥರು. ಅವಳಿನ್ನೂ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅರ್ಧದಲ್ಲೇ ನಿಂತುಹೋದ ಬಸಿರುಗಳಿಂದ, ತಾಯಂದಿರು ಒಪ್ಪಿ ಕೊಟ್ಟ ಭ್ರೂಣಗಳ ಯಕೃತ್ತನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿಗೆ ಅಂಟಿಸಿ, ಸ್ನಾಯು ಇರುವ ಕಡೆ ಮಾತ್ರ ಕಂದು ಬಣ್ಣ ಹಿಡಿಯುವಂಥ ರಸ ಹಾಕಿ ನೋಡುವುದು ಅವಳ ಕೆಲಸ. ನೋಡಿ ನೋಡಿ ಅವಳಿಗೆ ಒಂದು ಸಂಗತಿ ಕಂಡಿತ್ತು. ತೀರ ಎಳೆಯ ಯಕೃತ್ತಿನಲ್ಲಿ ರಕ್ತನಾಳಕ್ಕೆ ಗೋಡೆ ಎನ್ನುವುದೇ ಇಲ್ಲ; ಒಂದೇ ಸಾಲು ಜೀವಕೋಶಗಳ ತೆಳ್ಳನೆಯ ಅಸ್ತರು, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ದಿನ ಕಳೆದಂತೆ ಸುತ್ತಲಿನ ಕೋಶಗಳು ಬಂದು ಆ ನಾಳವನ್ನು ಸುತ್ತುವರಿದು ಸ್ನಾಯುವಾಗುತ್ತವೆ. ಅದೂ ಎಲ್ಲ ಕಡೆ ಒಂದೇ ಸಲಕ್ಕಲ್ಲ. ದೊಡ್ಡ ರಕ್ತನಾಳ ಯಕೃತ್ತಿನೊಳಗೆ ಹೋಗುವ ಬಾಗಿಲಿನಲ್ಲಿ ಮೊದಲು ಗೋಡೆ ಏಳುತ್ತದೆ, ಆಮೇಲೆ ನಿಧಾನವಾಗಿ ಒಳಗೊಳಗೆ ಹಬ್ಬುತ್ತದೆ.

ದೊಡ್ಡ ಮೇಷ್ಟ್ರು ಒಪ್ಪಲಿಲ್ಲ. "ಚೂರು ಚೂರಾಗಿ ಕತ್ತರಿಸಿ ನೋಡಿದ್ರೆ ಏನು ಬೇಕಾದ್ರೂ ಕಾಣುತ್ತಮ್ಮ. ನನಗೆ ಇಡಿಯಾಗಿ ಬೇಕು. ಕೈಯಲ್ಲಿ ಹಿಡಿದು ತಿರುಗಿಸಿ ನೋಡೋ ಹಾಗಿರ್ಬೇಕು" ಎಂದುಬಿಟ್ಟರು. ಕಂಪ್ಯೂಟರ್ ಆಗ ಆಫೀಸಿನ ಗುಮಾಸ್ತರ ಮೇಜಿನ ಮೇಲೆ ಬಟ್ಟೆ ಹೊದ್ದುಕೊಂಡು ಕೂತಿರುವ ವಸ್ತು. ಇಡಿಯಾಗಿ ಬೇಕೆಂದರೆ ಹಳೆಯ ದಾರಿ ಒಂದೇ: ಪ್ರತಿ ಚೂರನ್ನೂ ದೊಡ್ಡದಾಗಿ ಕಾಗದದ ಮೇಲೆ ಬರೆದು, ಅದರಂತೆ ಮೇಣದ ಹಾಳೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಬೆಸೆಯುವುದು. ವಿಭಾಗದಲ್ಲಿ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಅವಳು ಮನೆಗೆ ಬಂದು, ತಟ್ಟೆಯ ಮುಂದೆ ಕೂತು, ಅನ್ನ ಕಲಸುತ್ತಾ ಕಲಸುತ್ತಾ ಅತ್ತಳು.

"ಮೇಣ ತಾನೆ?" ಅಂದರು ಅಪ್ಪ. "ನಮ್ಮನೇಲಿ ಮೇಣಕ್ಕೇನು ಬರವಾ?"

ಹಾಗೆ ಶುರುವಾಯಿತು. ಆ ಒಂದು ವರ್ಷವನ್ನು ನೆನೆದರೆ ಮಗಳಿಗೆ ಈಗಲೂ ಮೂಗಿಗೆ ಬೆಚ್ಚಗಿನ ಮೇಣದ ವಾಸನೆ ಬರುತ್ತದೆ. ಸಂಜೆ ಅವಳು ವಿಭಾಗದಿಂದ ಕಾಗದಗಳ ಕಟ್ಟು ತರುವುದು, ಅಪ್ಪ ಅಂಗಡಿಯ ಬಾಗಿಲು ಮುಂದೆ ಮಾಡಿ ಬೆಂಚು ಒರೆಸುವುದು. ಮೇಣವನ್ನು ಸಮನಾದ ಹಾಳೆ ಮಾಡುವುದೇ ದೊಡ್ಡ ತಲೆನೋವಾಗಿತ್ತು. ಅಪ್ಪ ಮಾಡಿದ್ದು ಒಂದು ಕಡೆ ಉಬ್ಬು, ಮಗಳು ಮಾಡಿದ್ದು ಎರಡು ಕಡೆ ತಗ್ಗು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ನೋಡಿ ಸಾಕಾಗಿ ಅಮ್ಮ ಒಳಗಿನಿಂದ ಒಂದು ಖಾಲಿ ಗಾಜಿನ ಸೀಸೆ ತಂದಳು. ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಗಾಜಿನ ಹಲಗೆಯ ಮೇಲೆ ಬೆಚ್ಚಗಿನ ಮೇಣ ಹಾಕಿ, ಸೀಸೆ ಉರುಳಿಸಿ ಲಟ್ಟಿಸಿದಳು. ಕಿಟಕಿಗೆ ಹಿಡಿದರೆ ಬೆಳಕು ಒಂದೇ ಸಮ ಹಾಯುವಂಥ ಹಾಳೆ. ಅಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೂಂ" ಅಂದರು. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ. ಅವತ್ತಿನಿಂದ ಲಟ್ಟಿಸುವುದು ಅಮ್ಮನ ಪಾಲಿಗೆ ಬಂತು.

ನಾಳದ ಒಳಗಿನ ಅಸ್ತರಿಗೆ ಬಿಳಿಯ ಮೇಣ. ಸ್ನಾಯುವಿನ ಗೋಡೆಗೆ ಯಾವ ಬಣ್ಣ ಎಂದು ಮಗಳು ಯೋಚಿಸುತ್ತಿರುವಾಗ ಅಪ್ಪ ಹಲ್ಲಿನ ಸೆಟ್ಟಿಗೆ ವಸಡು ಮಾಡುವ ಗುಲಾಬಿ ಮೇಣದ ಡಬ್ಬಿ ತೆಗೆದಿಟ್ಟರು. ಎಲ್ಲಿ ಕಾಗದದ ಮೇಲೆ ಗೋಡೆ ದಪ್ಪವಾಗಿ ಬರೆದಿದೆಯೋ ಅಲ್ಲಿ ದಪ್ಪ, ತೆಳ್ಳಗಿರುವಲ್ಲಿ ತೆಳ್ಳಗೆ, ದೀಪದಲ್ಲಿ ಕಾಯಿಸಿದ ಚಾಕುವಿನ ತುದಿಯಿಂದ ಅಪ್ಪ ಗುಲಾಬಿ ಅಂಚು ಕೂರಿಸುತ್ತಾ ಹೋದರು.

ಶುರುವಿನ ದಿನಗಳಲ್ಲೇ ಒಮ್ಮೆ ಅಪ್ಪ ಚಾಕು ಕೆಳಗಿಟ್ಟು ಕೇಳಿದರು. "ಇದು ಹುಟ್ಟಬೇಕಾಗಿದ್ದ ಮಗು ಅಲ್ವಾ?"

"ಹೌದು ಅಪ್ಪ. ಐದು ತಿಂಗಳಿಗೇ ಹೋಯ್ತು. ತಾಯಿ ಒಪ್ಪಿ ಕೊಟ್ಟಿದ್ದಾರೆ."

ಅಪ್ಪ ಎದ್ದುಹೋಗಿ ರೇಡಿಯೋ ಆರಿಸಿ ಬಂದರು. ಆ ಕೆಲಸ ಮುಗಿಯುವವರೆಗೂ ಬೆಂಚಿಗೆ ಕೂರುವ ಮುಂಚೆ ರೇಡಿಯೋ ಆರಿಸುವುದು ರೂಢಿಯಾಯಿತು. ರೇಡಿಯೋ ಇಲ್ಲದೆ ತುತ್ತು ಇಳಿಯದ ಅಮ್ಮನೂ ಅದಕ್ಕೆ ಒಂದು ಮಾತು ಆಡಲಿಲ್ಲ.

ಮಾತಿಗೇನೂ ಕೊರತೆ ಇರಲಿಲ್ಲ. ಅಪ್ಪನಿಗೆ ಎಲ್ಲವೂ ಯಾಕೆ ಎಂದು ತಿಳಿಯಲೇಬೇಕು. "ಗೋಡೆ ಇಲ್ದೆ ರಕ್ತ ಹೆಂಗೆ ಹರಿಯುತ್ತೆ? ಸೋರಿ ಹೋಗಲ್ವಾ?"

"ಅಸ್ತರು ಇರುತ್ತಲ್ಲಪ್ಪ, ಮೊದಲು ಅಷ್ಟರಲ್ಲೇ ಹರಿಯುತ್ತೆ. ಹರಿದು ಹರಿದು, ಒತ್ತಡ ಹೆಚ್ಚಾದ ಕಡೆ ಗೋಡೆ ಕಟ್ಕೊಳ್ಳುತ್ತೆ."

"ಅದ್ರಲ್ಲೇನಿದೆ ಸೋಜಿಗ?" ಅಂದಳು ಅಮ್ಮ ಸೀಸೆ ಉರುಳಿಸುತ್ತಲೇ. "ಈ ಮನೆಗೆ ನಾವು ಬಂದಾಗ ಗೋಡೆಗಳು ಎಲ್ಲಿದ್ವು? ಬರೀ ಕಂಬ, ತಗಡು. ಮೊದಲು ಸಂಸಾರ ಬಂತು, ಆಮೇಲೆ ಗೋಡೆ ಬಂತು. ನಿಮ್ಮಪ್ಪ ಇವತ್ತಿಗೂ ಹಿಂದಿನ ಗೋಡೆಗೆ ಗಿಲಾವು ಮಾಡ್ಸಿಲ್ಲ." ಮೂವರೂ ನಕ್ಕರು. ಮಗಳಿಗೆ ತನ್ನ ಪಾಠ ಅಷ್ಟು ಚೆನ್ನಾಗಿ ಅರ್ಥವಾಗಿದ್ದು ಅವತ್ತೇ.

ದೊಡ್ಡ ಮೇಷ್ಟ್ರು ಮಾಡೆಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಬುಡದ ಗುಲಾಬಿಯಿಂದ ತುದಿಯ ಬಿಳಿಯವರೆಗೆ ಬೆರಳು ಓಡಿಸಿದರು. ತುಂಬ ಹೊತ್ತಾದ ಮೇಲೆ "ಒಪ್ಪಿದೆ" ಅಂದರು. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ಅವರ ಹೆಸರು, ಅವಳ ಹೆಸರು, ವಿಭಾಗದ ಹೆಸರು. ಹೊರಗಿನವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದರು; ಅವಳು ಎದುರು ಮಾತಾಡಲಿಲ್ಲ. ಅಪ್ಪ ಅಮ್ಮ ನೋಡಲು ಬಂದ ದಿನ ಅಪ್ಪ ಚೀಟಿ ಓದಿ, ಮಗಳ ಹೆಸರಿನ ಮೇಲೆ ಕೂತಿದ್ದ ಧೂಳನ್ನು ಕರವಸ್ತ್ರದಲ್ಲಿ ಒರೆಸಿ, "ಚೆನ್ನಾಗಿದೆ" ಅಂದಿದ್ದರು. ಅಮ್ಮ ತೀರಿಕೊಂಡು ಈಗ ಎಷ್ಟೋ ವರ್ಷ. ಅಪ್ಪನ ಕೈ ನಡುಗಲು ಶುರುವಾಗಿ, ಅಂಗಡಿ ಮುಚ್ಚಿ, ಬೆಂಚಿನ ಮೇಲೆ ಈಗ ಔಷಧಿ ಡಬ್ಬಿಗಳಿವೆ. ಅವರು ಮೂವರೂ ಒಟ್ಟಿಗೆ ಕೂತು ಮಾಡಿದ ವಸ್ತು ಅಂತ ಈ ಲೋಕದಲ್ಲಿ ಉಳಿದಿದ್ದು ಅದೊಂದೇ. ಅದು ಹೋಗಬಾರದು. ಮಗಳಿಗೆ ಬೇಕಾಗಿದ್ದದ್ದು ಅಷ್ಟೇ, ಬೇರೆ ಯಾವ ಶಾಸ್ತ್ರವೂ ಅಲ್ಲ.

ಹಾಗಾಗಿ ಅವಳು ಒಂದು ಸಣ್ಣ ಮೋಸಕ್ಕೆ ಸಿದ್ಧಳಾದಳು. ಅಪ್ಪ ಬರಲಿ, ನೋಡಲಿ, ಸಂತೋಷಪಟ್ಟು ಮನೆಗೆ ಹೋಗಲಿ. ಆಮೇಲೆ ಮಾಡೆಲನ್ನು ತನ್ನ ಕೋಣೆಯ ಕಪಾಟಿಗೆ ಸೇರಿಸಿದರಾಯಿತು, ಹೊಸ ಕೋಣೆಗೆ ಕಂಪ್ಯೂಟರಿನ ಚಿತ್ರ ಸಾಕು. ಚಟಪಟಿಯನ್ನು ಕರೆದು, "ಅಪ್ಪ ಬಂದುಹೋಗೋವರೆಗೆ ಬಾಯಿಗೆ ಬೀಗ" ಅಂದಳು. ಚಟಪಟಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದಳು. ಅದನ್ನು ನೋಡಿಯೇ ಅವಳಿಗೆ ಅನುಮಾನ ಬಂತು, ಈ ಹುಡುಗಿಗೆ ಇದು ಆಗುವ ಕೆಲಸವಲ್ಲ ಎಂದು. ಆದರೆ ಗುಟ್ಟು ಬಿಟ್ಟುಕೊಟ್ಟವಳು ಚಟಪಟಿಯಲ್ಲ.

ಅಪ್ಪ ಬಂದರು. ಇಸ್ತ್ರಿ ಶರ್ಟು, ಹೊಳೆಯುವ ಬೂಟು; ಕೋಲು ಕಾರಿನಲ್ಲೇ ಬಿಟ್ಟು, "ಕೋಲು ಹಿಡ್ಕೊಂಡು ಹೋದ್ರೆ ನನ್ನೇ ಪೆಟ್ಟಿಗೇಲಿ ಇಟ್ಟುಬಿಡ್ತಾರೆ" ಎಂದು ಮಗಳ ತೋಳು ಹಿಡಿದು ನಡೆದರು. ಕಾರಿಡಾರಿನ ಕೊನೆಯಲ್ಲಿ ಮಧ್ಯಾಹ್ನದ ಬಿಸಿಲು ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಅದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಬ್ಬ ವಿದ್ಯಾರ್ಥಿನಿ ಮಾಡೆಲ್ ನೋಡಿ ನೋಡಿ ಚಿತ್ರ ಬರೆಯುತ್ತಿದ್ದಳು. ದಪ್ಪ ನಾಳ ಮುಗಿದಿತ್ತು. ಸಪೂರ ನಾಳವನ್ನು ಬಲಗಡೆಯಿಂದ ಬಳಸಿ ಹತ್ತಿಸುತ್ತಿದ್ದಳು.

"ನೋಡೇ! ಇದನ್ನ ನೋಡ್ಕೊಂಡು ಬರೀತಿದ್ದಾಳೆ!" ಅಪ್ಪನ ಮುಖ ಅರಳಿತು. "ಇವತ್ತಿಗೂ ಇದ್ರಿಂದ ಕಲೀತಾರಾ?"

ಮಗಳು ಹುಡುಗಿಯ ಕಾಗದದ ಕಡೆ ನೋಡಿದಳು. ಹೌದು ಅಂದರೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷದ ಮೇಷ್ಟ್ರಿಕೆ ನಾಲಿಗೆಯ ತುದಿಯಲ್ಲಿ ಕೂತಿತ್ತು. ಪೆನ್ಸಿಲ್ ಇನ್ನೊಂದು ಸುತ್ತು ಬಲಕ್ಕೆ ಹೋಗುವುದನ್ನು ನೋಡಿಕೊಂಡು ಅದು ಸುಮ್ಮನಿರಲಿಲ್ಲ.

"ಅದನ್ನ ಹಾಗೆ ಬರ್ಕೋಬೇಡಮ್ಮ" ಅಂದುಬಿಟ್ಟಳು. "ಅದು ತಪ್ಪು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹುಡುಗಿ ತಲೆಯೆತ್ತಿದಳು. ಅಪ್ಪನೂ ತಿರುಗಿದರು.

"ಏನು ತಪ್ಪು?"

ಹೇಳಿದಳು. ಇನ್ನೇನು ಮಾಡುವುದು? ಒಂದನೇ ಹಾಳೆ ತಳಕ್ಕೆ ಹೋದದ್ದು, ಮುಗಿದ ಮೇಲೆ ಮಗುಚಿದ್ದು, ಎಡ ಬಲವಾದದ್ದು, ಎಲ್ಲವನ್ನೂ ಕಿಟಕಿಯ ಕಡೆ ನೋಡುತ್ತಾ ಹೇಳಿದಳು. ಅಪ್ಪ ಕೇಳುತ್ತಿದ್ದಂತೆ ಅವರ ಎರಡೂ ಕೈ ಮೇಲೆ ಬಂದವು. ಗಾಳಿಯಲ್ಲೇ ಒಂದು ಹಾಳೆ ಇಟ್ಟವು, ಅದರ ಮೇಲೆ ಇನ್ನೊಂದು, ಮತ್ತೊಂದು, ಕೊನೆಗೆ ಎಲ್ಲವನ್ನೂ ಹಿಡಿದು ಮಗುಚಿದವು. ಅಲ್ಲಿಗೆ ಕೈ ನಿಂತಿತು.

"ಹಾಳೇನೂ ಕವುಚ್ಬೇಕಿತ್ತು" ಅಂದರು.

"ಹೌದಪ್ಪ."

"ಮೇಲ್ದವಡೆ ಕಟ್ಟೋ ಅಭ್ಯಾಸ. ಥೂ." ಪೆಟ್ಟಿಗೆಯ ಕಡೆ ಕೈ ತೋರಿಸಿ, "ಬೀಗ ತೆಗ್ಸು."

"ಅಪ್ಪ, ಬೇಡ."

"ತೆಗ್ಸು ಅಂದ್ನಲ್ಲ."

ಅಷ್ಟರಲ್ಲಿ ಮಾತು ಕೇಳಿ ಚಟಪಟಿ ಓಡಿಬಂದಿದ್ದಳು. ಮಗಳೇ ಬೀಗ ತೆಗೆದಳು; ಅಪ್ಪ ಆ ದನಿಯಲ್ಲಿ ಹೇಳಿದರೆ ಐವತ್ತೆಂಟಲ್ಲ, ಎಂಬತ್ತಾದರೂ ಅವಳು ತೆಗೆಯುತ್ತಿದ್ದಳು. ಅಪ್ಪ ಮಾಡೆಲನ್ನು ಪೀಠದಿಂದ ಎತ್ತಿ ಎದೆಯ ಹತ್ತಿರ ಹಿಡಿದರು. ಕೈ ನಡುಗುತ್ತಿತ್ತು. ಕೆಳಗೆ ಕಲ್ಲಿನ ನೆಲ. ಚಟಪಟಿ "ಅಜ್ಜಾ, ಹುಷಾರು!" ಎಂದು ಬಗ್ಗಿ ಅವರ ಕೈಯ ಕೆಳಗೆ ತನ್ನ ಕೈ ಒಡ್ಡಿದಳು. ಮಗಳಿಗೆ ಹೊಸಿಲು, ಸುತ್ತಿಗೆ, ಟಪ್ ಎನ್ನುವ ಸದ್ದು, ಎಲ್ಲ ಕಿವಿಯಲ್ಲಿ ಕೇಳಿತು.

ಅಪ್ಪ ಅದನ್ನು ಬೆಳಕಿಗೆ ತಿರುಗಿಸಿದರು. ಗುಲಾಬಿ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಓಡಿಸುತ್ತಾ ಬುಡದಿಂದ ತುದಿಯವರೆಗೆ ಹೋದರು.

"ಗೋಡೆ ಸರಿ ಇದೆಯೇನಮ್ಮ?" ಎಂದು ಚಟಪಟಿಯನ್ನು ಕೇಳಿದರು.

"ಗೋಡೆ ಸರಿಯಾಗಿದೆ ಅಜ್ಜಾ. ಎಲ್ಲೆಲ್ಲಿ ಎಷ್ಟೆಷ್ಟು ದಪ್ಪ ಇರ್ಬೇಕೋ ಅಷ್ಟೇ ಇದೆ. ಕಂಪ್ಯೂಟರ್ ಜೊತೆ ಇಟ್ಟು ನೋಡಿದ್ದೀನಿ, ನಿಜವಾಗ್ಲೂ. ಬಾಗಿಲಿಂದ ಒಳಗೆ ಕಟ್ಕೊಂಡು ಹೋಗುತ್ತೆ ಅನ್ನೋದೂ ಸರಿ. ತಪ್ಪಿರೋದು ಎಡ ಬಲ ಒಂದೇ."

"ಒಂದೇ ಅಂದ್ರೆ? ತಪ್ಪು ತಪ್ಪೇ."

"ಒಡೀತೀರಾ ಅಪ್ಪ?" ಎಂದಳು ಮಗಳು. ದನಿ ಅವಳದಾಗಿರಲಿಲ್ಲ, ಯಾವುದೋ ಹತ್ತು ವರ್ಷದ ಹುಡುಗಿಯದಾಗಿತ್ತು.

ಅಪ್ಪ ಮಾಡೆಲನ್ನು ಇನ್ನೊಂದು ಸುತ್ತು ತಿರುಗಿಸಿ ನೋಡಿದರು.

"ಒಡೆಯೋಕೇನು, ಕೈ ಬಿಟ್ರೆ ಸಾಕು. ಆವಾಗೆಲ್ಲ ಒಡೀತಿದ್ದೆ. ದೊಡ್ಡಸ್ತಿಕೆ ಅಂದ್ಕೊಂಡಿದ್ಯಾ ಅದನ್ನ? ನಾಳೆ ಬೆಳಗ್ಗೆ ಕೂತು ಇನ್ನೊಂದು ಕಟ್ಟೋ ಕೈ ಇತ್ತು, ಅದಕ್ಕೆ ಒಡೀತಿದ್ದೆ. ಲಟ್ಟಿಸಿ ಕೊಡೋಕೆ ನಿಮ್ಮಮ್ಮ ಇದ್ಲು. ಈಗ ಒಡೆದ್ರೆ ಒಡೆದದ್ದು ಒಡೆದ ಹಾಗೇ ಇರುತ್ತೆ."

ಅವರು ಅದನ್ನು ಪೀಠದ ಮೇಲೆ ಇಡಲು ಹೋದರು; ಕೈ ಅಲುಗಿ ಎರಡು ಸಲ ತಪ್ಪಿತು. ಮೂರನೆಯ ಸಲ ಮಗಳು ಅವರ ಮುಂಗೈ ಹಿಡಿದಳು, ಇಬ್ಬರೂ ಸೇರಿ ಇಟ್ಟರು. ಅವಳು ಅಳುತ್ತಿದ್ದಳು. ಕೂತಿದ್ದ ವಿದ್ಯಾರ್ಥಿನಿ, ಕೆಮ್ಮಿದರೂ ಎಲ್ಲರೂ ಹೆದರುತ್ತಿದ್ದ ಮೇಡಂ ಅಳುವುದನ್ನು ನೋಡಿ ಎಲ್ಲಿ ನೋಡಬೇಕೋ ತಿಳಿಯದೆ ಪೆನ್ಸಿಲ್ ಕೆತ್ತತೊಡಗಿದಳು.

ಅಪ್ಪ ಪೆಟ್ಟಿಗೆಯ ಮೇಲಿನ ಹಳೆಯ ಚೀಟಿಗೆ ಬೆರಳಿಟ್ಟರು. "ಇಲ್ಲಿ ನಿನ್ನ ಹೆಸರಿದೆ, ನಿಮ್ಮ ಮೇಷ್ಟ್ರ ಹೆಸರಿದೆ. ನನ್ನ ಹೆಸರು ಹಾಕ್ಸು."

ಮಗಳ ಮುಖ ಕೆಂಪಾಯಿತು. "ಅವತ್ತೇ ಹಾಕ್ಸಬೇಕಿತ್ತಪ್ಪ. ನಾನು ಕೇಳ್ಲಿಲ್ಲ, ನನ್ನದೇ..."

"ಅವತ್ತು ನನಗೆ ಬೇಕಿರ್ಲಿಲ್ಲ. ಸರಿಯಾಗಿದ್ದಾಗ ಯಾರ ಹೆಸರಿದ್ರೇನು? ಈಗ ತಪ್ಪಾಗಿದೆ. ಈಗ ಬೇಕು. ನಾಳೆ ಯಾವನೋ ಬಂದು, ಈ ಮೇಡಂಗೆ ಎಡ ಯಾವುದು ಬಲ ಯಾವುದು ಗೊತ್ತಿರ್ಲಿಲ್ಲ ಅಂತ ಹೇಳ್ಕೊಂಡು ತಿರುಗೋದು ಬೇಡ. ಕಟ್ಟಿದ್ದು ಇಂಥವನು, ಹಲ್ಲು ಕಟ್ಟೋನು, ತಲೆಕೆಳಗಾಗಿ ಕಟ್ಟಿ ಕೆಡಿಸ್ದ ಅಂತ ಬರೆಸು."

"ಒಂದರಿಂದ ಶುರು ಮಾಡಿ ಅಂದದ್ದು ನಾನಪ್ಪ. ಒಂದನೇ ಹಾಳೆ ಮೇಲಿಂದು ಅಂತ ನಾನು ಹೇಳ್ಲೇ ಇಲ್ಲ."

"ನೀನು ಹೇಳ್ದೇ ಇದ್ರೆ ಕೇಳ್ಬೇಕಾದವನು ಕಟ್ಟೋನು. ನಲವತ್ತು ವರ್ಷ ಕೇಳ್ಕೊಂಡೇ ಕಟ್ಟಿದ್ದೀನಿ. ನಿನ್ನ ಹತ್ರ ಮಾತ್ರ ಕೇಳ್ಲಿಲ್ಲ. ಮಗಳು ಹೇಳಿದ್ ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ."

ಮಗಳು ಕಣ್ಣೊರೆಸಿಕೊಂಡು, "ಅಮ್ಮನ ಹೆಸರು?" ಎಂದು ಕೇಳಿದಳು.

ಅಪ್ಪ ಯೋಚಿಸಿದರು.

"ಬೇರೆ ಸಾಲಲ್ಲಿ ಹಾಕ್ಸು. ನನ್ನ ಸಾಲಿಗೆ ಸೇರಿಸ್ಬೇಡ. ಅವಳ ಹಾಳೇಲಿ ತಪ್ಪಿಲ್ಲ."

ಚಟಪಟಿ ಒಂದು ಮಾತೂ ಆಡದೆ ಕಾಗದ ಚಾಚಿ ಇಬ್ಬರ ಹೆಸರನ್ನೂ ಬರೆಸಿಕೊಂಡು ಒಳಗೆ ಹೋದಳು, ಅದೇ ಆ ದಿನದ ದೊಡ್ಡ ಸೋಜಿಗ. ಅಪ್ಪ ಮಗಳು ಕ್ಯಾಂಟೀನಿನಲ್ಲಿ ಒಂದೊಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಹೊಸ ಚೀಟಿ ಅಚ್ಚು ಹಾಕಿ ಪೆಟ್ಟಿಗೆಗೆ ಅಂಟಿಸಿಯೂ ಆಗಿತ್ತು. ಪಕ್ಕದ ಗೋಡೆಗೆ ಕಂಪ್ಯೂಟರಿನ ಸರಿಯಾದ ಚಿತ್ರ, ಎರಡನ್ನೂ ಹೋಲಿಸಿ ನೋಡಿ ಎಂಬ ಒಂದು ಸಾಲು. ಮುಖ್ಯಸ್ಥರ ಒಪ್ಪಿಗೆ ಕೇಳಿದ್ದಳೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಅಪ್ಪ ಚೀಟಿಯ ಮುಂದೆ ಬಗ್ಗಿದರು, ಕಣ್ಣು ಕಿರಿದು ಮಾಡಿದರು, ನೆಟ್ಟಗಾದರು. ಜೇಬು ತಡವಿಕೊಂಡಂತೆ ಮಾಡಿ, "ಕನ್ನಡಕ ಮನೇಲೇ ಮರೆತು ಬಂದೆ ನೋಡು" ಅಂದರು. "ನೀನು ಓದಮ್ಮ, ಗಟ್ಟಿಯಾಗಿ" ಎಂದು ಆ ವಿದ್ಯಾರ್ಥಿನಿಗೆ ಹೇಳಿದರು.

ಹುಡುಗಿ ಎದ್ದು ನಿಂತು, ಪರೀಕ್ಷೆಗೆ ಕರೆದವಳಂತೆ ಓದಿದಳು. ಮಾಡೆಲ್ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದೆ; ಗೋಡೆಯ ದಪ್ಪ ಸರಿಯಾಗಿದೆ. ಕಟ್ಟಿದವರು ಎಂದು ಅಪ್ಪನ ಪೂರ್ತಿ ಹೆಸರು, ಹಲ್ಲು ಕಟ್ಟುವವರು. ಜೋಡಣೆಯ ತಪ್ಪು ಇವರದು. ಆಮೇಲೆ ಬೇರೆ ಸಾಲಿನಲ್ಲಿ ಅಮ್ಮನ ಹೆಸರು: ಮೇಣದ ಹಾಳೆಗಳನ್ನು ಲಟ್ಟಿಸಿದವರು. ಹಾಳೆಗಳಲ್ಲಿ ತಪ್ಪಿಲ್ಲ.

ಅಪ್ಪ ಕೈಕಟ್ಟಿಕೊಂಡು ಕೇಳಿದರು. ಇಸ್ತ್ರಿ ಶರ್ಟಿನ ಜೇಬಿನಲ್ಲಿ ಕನ್ನಡಕದ ಕಾಲು ಹೊರಗೆ ಇಣುಕುತ್ತಿದ್ದದ್ದನ್ನು ಮಗಳು ನೋಡಿದಳು.

"ಆ ಕೊನೇ ಸಾಲು ಸರಿಯಾಗಿ ಕೇಳಿಸ್ಲಿಲ್ಲಮ್ಮ" ಅಂದರು ಅಪ್ಪ. "ಅದೊಂದು ಇನ್ನೊಂದ್ಸಲ ಓದು."

ಹುಡುಗಿ ಮತ್ತೆ ಓದಿದಳು.